ಅಂದಾಜು ಸಾಕಾ, ಲೆಕ್ಕ ಬೇಕಾ? ಸಣ್ಣ ಉದ್ಯಮಕ್ಕೆ ಸಂಖ್ಯಾಶಾಸ್ತ್ರದ ಯಾವ ದಾರಿ ಹೊಂದುತ್ತದೆ

ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಿಂದ ಸ್ವಲ್ಪ ಒಳಗೆ, ತೋಟದ ಅಂಚಿನಲ್ಲಿ ಅಣ್ಣನ ಅಡಿಕೆ ಹಾಳೆ ತಟ್ಟೆಯ ಶೆಡ್ಡು ಇದೆ. ಮೂರು ಮೆಷಿನ್, ಐದು ಜನ. ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ಸಂಖ್ಯಾಶಾಸ್ತ್ರದ ಕೆಲಸ ಮಾಡಿ ಊರಿಗೆ ಬಂದವನು. ಹಾಗಾಗಿ ಲೆಕ್ಕ ಗೊತ್ತಿರುವವನು ಎಂದು ಒಂದು ಹೆಸರು ಬಿದ್ದುಬಿಟ್ಟಿದೆ. ಬದಿಯಡ್ಕದ ಚಿಪ್ಸ್ ಮಾಡುವವರು ಕೇಳುತ್ತಾರೆ, ಮುಳ್ಳೇರಿಯದ ಕಡೆ ಗೇರುಬೀಜ ಸುಲಿಸುವವರು ಕೇಳುತ್ತಾರೆ, ಕುಂಬಳೆಯಲ್ಲಿ ಸಾಂಬಾರು ಪುಡಿ ಮಾಡುವ ಹೆಂಗಸರ ಗುಂಪಿನವರು ಕೇಳುತ್ತಾರೆ. ಎಲ್ಲರದೂ ಹೆಚ್ಚು ಕಮ್ಮಿ ಒಂದೇ ಪ್ರಶ್ನೆ: "ಇದಕ್ಕೆ ಎಂತ ಸಾಫ್ಟ್‌ವೇರ್ ಹಾಕಬೇಕು?"

ಸಾಫ್ಟ್‌ವೇರ್ ಕೊನೆಯ ಮಾತು. ಅದಕ್ಕಿಂತ ಮೊದಲು ಯಾವ ಬಗೆಯ ಲೆಕ್ಕ ಬೇಕು ಎಂದು ಆರಿಸಬೇಕು. ಕಂಪೆನಿಗಳಲ್ಲಿ ಬಳಸುವ ಗಣಿತ, ಸಂಖ್ಯಾಶಾಸ್ತ್ರದ ದಾರಿಗಳು ಹತ್ತಾರು ಇವೆ. ಅದರಲ್ಲಿ ನಮ್ಮಂಥ ಶೆಡ್ಡಿಗೆ ಆಗುವಂಥದ್ದು ಐದೋ ಆರೋ. ಅವನ್ನು ಅಣ್ಣನ ಶೆಡ್ಡಿನಲ್ಲೇ ಒಂದೊಂದಾಗಿ ಬಳಸಿ ನೋಡಿದ್ದೇನೆ. ಕೆಲವು ಕಡೆ ಕೈ ಸುಟ್ಟುಕೊಂಡದ್ದೂ ಇದೆ. ಇಲ್ಲಿ ಬರುವ ಅಂಕಿಗಳನ್ನು ಲೆಕ್ಕ ಸುಲಭ ಆಗಲಿ ಎಂದು ಉರುಟು ಮಾಡಿದ್ದೇನೆ.

ಮೊದಲು ಎರಡು ಪ್ರಶ್ನೆ

ಯಾವ ದಾರಿ ಹಿಡಿಯುವುದಕ್ಕೂ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ನಿರ್ಧಾರ ತಪ್ಪಿದರೆ ಎಷ್ಟು ದುಡ್ಡು ಹೋಗುತ್ತದೆ? ಇದೇ ನಿರ್ಧಾರ ವರ್ಷದಲ್ಲಿ ಎಷ್ಟು ಸಲ ಬರುತ್ತದೆ?

ದಿನಾ ಬರುವ, ತಪ್ಪಿದರೂ ನೂರು ರೂಪಾಯಿ ಹೋಗುವ ವಿಷಯಕ್ಕೆ ಅಂದಾಜು ಸಾಕು. ತಪ್ಪು ಸಂಜೆಯೊಳಗೆ ಗೊತ್ತಾಗುತ್ತದೆ, ನಾಳೆ ತಿದ್ದಬಹುದು. ದಿನಾ ಬರುವ, ಸ್ವಲ್ಪ ಸ್ವಲ್ಪವೇ ಸೋರಿ ವರ್ಷಕ್ಕೆ ಲಕ್ಷ ಆಗುವ ವಿಷಯಕ್ಕೆ ಚಾರ್ಟು, ಸ್ಯಾಂಪಲ್ಲು ಬೇಕು. ವರ್ಷಕ್ಕೆ ಒಂದೇ ಸಲ ಬಂದು ದೊಡ್ಡ ಮೊತ್ತ ನುಂಗುವ ವಿಷಯಕ್ಕೆ ಒಂದು ಮಧ್ಯಾಹ್ನ ಕೂತು ಸರಿಯಾಗಿ ಲೆಕ್ಕ ಹಾಕಬೇಕು. ಇನ್ನು ಜೀವನದಲ್ಲಿ ಒಂದೇ ಸಲ ಬರುವಂಥದ್ದು, ಉದಾಹರಣೆಗೆ ಇರುವ ಜಾಗ ಮಾರಿ ಅನಂತಪುರದ ಕೈಗಾರಿಕಾ ಪ್ರದೇಶಕ್ಕೆ ಹೋಗುವುದಾ ಎಂಬ ಪ್ರಶ್ನೆ. ಅದಕ್ಕೆ ಸಂಖ್ಯಾಶಾಸ್ತ್ರ ಹೆಚ್ಚು ಸಹಾಯ ಮಾಡುವುದಿಲ್ಲ. ಬ್ಯಾಂಕಿನವರ ಹತ್ತಿರ, ಅಲ್ಲಿ ಈಗಾಗಲೇ ಇರುವವರ ಹತ್ತಿರ ಮಾತಾಡಿ.

ಅನುಭವದ ಅಂದಾಜು

ಇದನ್ನು ಹಗುರವಾಗಿ ನೋಡಬೇಡಿ. ಅಡಿಕೆ ವ್ಯಾಪಾರಿ ಒಂದು ಹಿಡಿ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕೈಯಲ್ಲಿ ಆಡಿಸಿ, ಎರಡನ್ನು ಕತ್ತರಿಸಿ ನೋಡಿ, ಇದು ಪಟೋರ, ಇದು ಕರಿಗೋಟು ಎಂದು ಬೇರೆ ಮಾಡುತ್ತಾನಲ್ಲ, ಅದು ಸಾವಿರಾರು ಸಲ ನೋಡಿ, ಪ್ರತಿ ಸಲವೂ ಸರಿಯೋ ತಪ್ಪೋ ಕೂಡಲೇ ತಿಳಿದು ಬಂದ ಕಸುಬು. ಅಂಥ ಕಡೆ ನಾನು ಕಂಪ್ಯೂಟರ್ ತರುವುದಿಲ್ಲ.

ಆದರೆ ಅದೇ ವ್ಯಾಪಾರಿ ಮುಂದಿನ ತಿಂಗಳ ದರ ಹೇಳಲು ಹೊರಟರೆ ಅವನ ಕೈ ಅಳತೆ ಕೆಲಸಕ್ಕೆ ಬರುವುದಿಲ್ಲ. ನನ್ನ ಲೆಕ್ಕವೂ ಬರುವುದಿಲ್ಲ. ನಮ್ಮ ಕಡೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ "ಅಡಿಕೆ ದರ ಏರ್ತದಾ?" ಎಂಬುದೇ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಇಂಥ ಆದೇಶ ಯಾವತ್ತು ಬರುತ್ತದೆ ಎಂದು ಹಳೆಯ ದರಗಳ ಪಟ್ಟಿಯಲ್ಲಿ ಬರೆದಿರುವುದಿಲ್ಲ. ದರ ಹೇಳುತ್ತೇನೆ ಎಂದು ಯಾರಾದರೂ ಆ್ಯಪ್ ಮಾರಲು ಬಂದರೆ ಚಹಾ ಕೊಟ್ಟು ಕಳಿಸಿ. ದರ ಗೊತ್ತಾಗದಿದ್ದರೆ ಫಸಲನ್ನು ನಾಲ್ಕೈದು ಕಂತಿನಲ್ಲಿ ಮಾರುವುದು ಹಳೇ ದಾರಿ, ನಾನೂ ಅದನ್ನೇ ಹೇಳುತ್ತೇನೆ.

ಸರಾಸರಿಯೋ, ಪೇಪರ್ ಮಾರುವವನ ಲೆಕ್ಕವೋ

ಅಣ್ಣನಿಗೆ ವರ್ಷದ ದೊಡ್ಡ ತಲೆನೋವು ಮೇ ತಿಂಗಳಲ್ಲಿ. ಬೇಸಿಗೆಯಲ್ಲಿ ಹಾಳೆ ಒಣಗಿ ಬೀಳುತ್ತದೆ, ಆಗಲೇ ಹೆಕ್ಕಿ ಒಣಗಿಸಿ ಇಡಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಬಿದ್ದ ಹಾಳೆ ನೆನೆದು ಕಪ್ಪಾಗುತ್ತದೆ. ಹಾಗಾಗಿ ಮಳೆಗಾಲಕ್ಕೆಲ್ಲ ಬೇಕಾದ ಹಾಳೆಯನ್ನು ಮೊದಲೇ ಕೊಂಡು ಅಟ್ಟಕ್ಕೆ ಹಾಕಬೇಕು. ಕಡಿಮೆ ಕೊಂಡರೆ ಆಗಸ್ಟ್‌ನಲ್ಲಿ ಮೆಷಿನ್ ಸುಮ್ನೆ ಕೂರುತ್ತದೆ. ಜಾಸ್ತಿ ಕೊಂಡರೆ ಉಳಿದದ್ದಕ್ಕೆ ಬೂಷ್ಟು.

ಅವನು ಮಾಡುತ್ತಿದ್ದದ್ದು ಸರಾಸರಿ. ಎಂಟು ವರ್ಷದ ಮಳೆಗಾಲದಲ್ಲಿ ಖರ್ಚಾದ ಹಾಳೆ, ಸಾವಿರದ ಲೆಕ್ಕದಲ್ಲಿ, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದರೆ ಹೀಗಿದೆ: 28, 31, 33, 36, 38, 46, 49, 59. ಕೂಡಿಸಿ ಎಂಟರಿಂದ ಭಾಗಿಸಿದರೆ 40. ಆ ಸಲ ಅವನು 40 ಸಾವಿರ ಹಾಳೆ ಕೊಳ್ಳಲು ಹೊರಟಿದ್ದ.

ಸರಾಸರಿಯಲ್ಲಿ ತಪ್ಪೆಲ್ಲಿದೆ ಎಂದರೆ, ಒಂದು ಹಾಳೆ ಕಡಿಮೆ ಬಿದ್ದಾಗಿನ ನಷ್ಟವೂ ಒಂದು ಹಾಳೆ ಉಳಿದಾಗಿನ ನಷ್ಟವೂ ಒಂದೇ ಎಂದು ಅದು ಸುಮ್ಮನೆ ನಂಬಿಕೊಂಡಿದೆ. ನಿಜದಲ್ಲಿ ಹಾಗಿಲ್ಲ. ಹಾಳೆ ಇಲ್ಲದೆ ಕೈಬಿಟ್ಟ ಆರ್ಡರಿನಿಂದ ಒಂದು ಹಾಳೆಗೆ 3 ರೂಪಾಯಿ ಹೋಗುತ್ತದೆ ಎನ್ನಿ. ಉಳಿದು ಬೂಷ್ಟು ಹಿಡಿದರೆ ಕೊಂಡ ಬೆಲೆ ಮಾತ್ರ, 1 ರೂಪಾಯಿ, ಹೋಗುತ್ತದೆ. ಆಗ ಲೆಕ್ಕ: 3ನ್ನು 3+1ರಿಂದ ಭಾಗಿಸಿ. ಮುಕ್ಕಾಲು ಬರುತ್ತದೆ. ಅಂದರೆ ಎಂಟು ವರ್ಷದಲ್ಲಿ ಆರು ವರ್ಷಕ್ಕೆ ಸಾಕಾಗುವಷ್ಟು ಇಡಬೇಕು. ಸಾಲಿನಲ್ಲಿ ಆರನೆಯದು 46. ಸರಾಸರಿಗಿಂತ ಆರು ಸಾವಿರ ಜಾಸ್ತಿ!

ಇದೇ ಹಾಳೆ ಕೊಳ್ಳಲು ದುಬಾರಿಯಾಗಿ, ಲಾಭ ತೆಳ್ಳಗಿದ್ದು, ಮೂರು-ಒಂದು ಎಂಬುದು ಒಂದು-ಮೂರು ಆದರೆ? ಕಾಲು ಭಾಗ. ಎಂಟರಲ್ಲಿ ಎರಡನೆಯದು, 31 ಸಾವಿರ. ಬೇಡಿಕೆ ಅದೇ, ಅಂಕಿಗಳು ಅವೇ, ಉತ್ತರ ಮಾತ್ರ ಬೇರೆ. ಕಂಪೆನಿಗಳಲ್ಲಿ ಇದಕ್ಕೆ ಪೇಪರ್ ಮಾರುವವನ ಲೆಕ್ಕ ಎನ್ನುತ್ತಾರೆ. ಬೆಳಿಗ್ಗೆ ಎಷ್ಟು ಪೇಪರ್ ಕೊಳ್ಳುವುದು, ಸಂಜೆಗೆ ಉಳಿದದ್ದು ರದ್ದಿ ಎಂಬ ಅದೇ ಕಷ್ಟ. ಬೇಕರಿಯ ಬ್ರೆಡ್ಡು, ಓಣಂ ಹೊತ್ತಿನ ಚಿಪ್ಸು, ಮೀನಿನ ಬುಟ್ಟಿ, ಹಾಳಾಗುವ ಯಾವುದಕ್ಕೂ ಇದು ಸರಿ. ಕಾಗದದ ಹಿಂಬದಿಯಲ್ಲಿ ಮುಗಿಯುವ ಲೆಕ್ಕ. ನಾನು ಇಲ್ಲಿ ಹೇಳುವ ಎಲ್ಲ ದಾರಿಗಳಲ್ಲಿ ಖರ್ಚಿಗೆ ಹೋಲಿಸಿದರೆ ಜಾಸ್ತಿ ಲಾಭ ಕೊಟ್ಟದ್ದು ಇದೇ.

ಇದರಲ್ಲೊಂದು ಗುಂಡಿ ಇದೆ. ಅದಕ್ಕೆ ನಾನೇ ಬಿದ್ದೆ. ಸಾಲಿನಲ್ಲಿ 36 ಸಾವಿರ ಇದೆಯಲ್ಲ, ಆ ವರ್ಷ ಬೇಡಿಕೆ 36 ಸಾವಿರ ಇರಲಿಲ್ಲ. ಆಗಸ್ಟ್ ಮೊದಲ ವಾರಕ್ಕೇ ಹಾಳೆ ಖಾಲಿಯಾಗಿತ್ತು. ಅಣ್ಣನ ಪುಸ್ತಕದಲ್ಲಿ ಇದ್ದದ್ದು ಖರ್ಚಾದ ಹಾಳೆ, ಕೇಳಿ ವಾಪಸ್ ಹೋದ ಗಿರಾಕಿಯ ಲೆಕ್ಕ ಅದರಲ್ಲಿ ಇಲ್ಲ. ಈಗ ಫೋನ್ ಹತ್ತಿರ ಒಂದು ಹಳೇ ಕ್ಯಾಲೆಂಡರ್ ನೇತು ಹಾಕಿದ್ದೇವೆ. "ಇಲ್ಲ" ಎಂದು ಹೇಳಿದ ಪ್ರತಿ ಆರ್ಡರನ್ನು ಆ ದಿನದ ಚೌಕದಲ್ಲಿ ಗೀಚುತ್ತೇವೆ. ಲೆಕ್ಕ ಶುರು ಮಾಡುವ ಮೊದಲೇ ಇದನ್ನು ಮಾಡಬೇಕಿತ್ತು.

ಬೈಯುವುದೋ, ಚಾರ್ಟ್ ನೋಡುವುದೋ

ದಿನಾ ಸಂಜೆ ಅಣ್ಣ ಆ ದಿನದ ತಟ್ಟೆಗಳಿಂದ ನೂರನ್ನು ತೆಗೆದು ನೋಡುತ್ತಾನೆ. ಬಿರುಕು, ಕಪ್ಪು ಕಲೆ, ಅಂಚು ಸುಟ್ಟದ್ದು, ಎಲ್ಲ ಸೇರಿ ಸರಾಸರಿ ಆರು ಕೆಟ್ಟದ್ದು ಇರುತ್ತದೆ. ಒಂದು ದಿನ ಹತ್ತು ಬಂತು. ಮೆಷಿನ್ ಮೇಲೆ ಇದ್ದ ಅಕ್ಕನಿಗೆ ಎಲ್ಲರ ಎದುರಿಗೆ ಜೋರು ಮಾಡಿದ. "ನಾನು ಎಂತ ಮಾಡುವುದು ಅಣ್ಣ, ನಿನ್ನೆಯ ಹಾಗೆಯೇ ಮಾಡಿದ್ದು" ಎಂದರು ಅವರು. ಮರುದಿನ ಐದು ಬಂತು. "ಕಂಡಿಯಾ, ಬೈದರೆ ಸರಿಯಾಗ್ತದೆ" ಎಂದ ಅಣ್ಣ.

ನಾನು ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಮೆಷಿನ್, ಹಾಳೆ, ಕೈ ಏನೂ ಬದಲಾಗದೆ, ಸರಾಸರಿ ನೂರಕ್ಕೆ ಆರೇ ಇದ್ದರೂ, ಒಂಬತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಟ್ಟದ್ದು ಸರಿಸುಮಾರು ಏಳು ದಿನಕ್ಕೊಮ್ಮೆ ತಾನಾಗಿಯೇ ಬರುತ್ತದೆ. ವಾರಕ್ಕೊಂದು ಬೈಗುಳ ಗ್ಯಾರಂಟಿ! ಇನ್ನು ಹತ್ತು ಬಂದ ದಿನದ ಮರುದಿನ, ಬೈದರೂ ಬೈಯದಿದ್ದರೂ, ಹತ್ತರಲ್ಲಿ ಒಂಬತ್ತು ಸಲ ಅದಕ್ಕಿಂತ ಕಡಿಮೆಯೇ ಬರುತ್ತದೆ. ಬೈದದ್ದಕ್ಕೆ ಸರಿಯಾಯಿತು ಎಂದು ಅನಿಸುವುದು ಅದಕ್ಕೇ. ಹೊಗಳಿದ ಮರುದಿನ ಕೆಡುತ್ತದೆ ಎಂದು ಅನಿಸುವುದೂ ಅದಕ್ಕೇ.

ಅಮೆರಿಕದ ಟೆಲಿಫೋನ್ ಕಾರ್ಖಾನೆಯ ಇಂಜಿನಿಯರ್ ವಾಲ್ಟರ್ ಶೂಹಾರ್ಟ್ 1924ರಲ್ಲಿ ಇದಕ್ಕೊಂದು ಸುಲಭದ ಚಿತ್ರ ಮಾಡಿದ. ನಡುವೆ ಸರಾಸರಿಯ ಗೆರೆ, ಮೇಲೆ ಒಂದು ಗೆರೆ, ಕೆಳಗೆ ಒಂದು. ನಮ್ಮ ಲೆಕ್ಕಕ್ಕೆ ಮೇಲಿನ ಗೆರೆ ಹೀಗೆ: ಸರಾಸರಿ 6, ಅದರ ವರ್ಗಮೂಲ ಎರಡೂವರೆಗೆ ಸ್ವಲ್ಪ ಕಡಿಮೆ, ಅದರ ಮೂರು ಪಟ್ಟು ಏಳು. ಆರಕ್ಕೆ ಏಳು ಸೇರಿಸಿ 13. ಕೆಳಗಿನ ಗೆರೆ ಸೊನ್ನೆಗಿಂತ ಕೆಳಗೆ ಹೋಗುವುದರಿಂದ ಬೇಡ. ಹದಿಮೂರರ ವರೆಗೆ ಯಾರನ್ನೂ ಏನೂ ಕೇಳುವುದಿಲ್ಲ. ದಾಟಿದರೆ ಮೆಷಿನ್ ನಿಲ್ಲಿಸಿ ಕಾರಣ ಹುಡುಕುವುದು. ಬರೀ ಅದೃಷ್ಟ ಕೆಟ್ಟು ಈ ಗೆರೆ ದಾಟುವುದು ಸಾವಿರ ದಿನಕ್ಕೆ ಎರಡು ಮೂರು ಸಲ ಅಷ್ಟೇ.

ಗೋಡೆಗೆ ಚಾರ್ಟ್ ಅಂಟಿಸಿ ಎರಡು ತಿಂಗಳು ಏನೂ ಆಗಲಿಲ್ಲ. ಒಂದು ಸೋಮವಾರ ಹದಿನೈದು ಬಂತು. ನೋಡಿದರೆ ಶನಿವಾರ ನೆನೆ ಹಾಕಿದ ಹಾಳೆ ಭಾನುವಾರವೂ ನೀರಲ್ಲೇ ಉಳಿದಿತ್ತು. ಹಾಳೆ ಮೆತ್ತಗಾಗಿ ಅಚ್ಚಿನಲ್ಲಿ ಹರಿಯುತ್ತಿತ್ತು. ಅದನ್ನು ಹುಡುಕಿದ್ದು ಬೈಗುಳ ತಿಂದಿದ್ದ ಅದೇ ಅಕ್ಕ. ಚಾರ್ಟಿನ ಬೆಲೆ ಒಂದು ಗ್ರಾಫ್ ಹಾಳೆ, ಒಂದು ಪೆನ್ಸಿಲ್. ಕಂಪ್ಯೂಟರ್ ಬೇಡವೇ ಬೇಡ. ಯಾರಿಗಾದರೂ ಒಂದನ್ನು ಮಾತ್ರ ಕಲಿಸು ಎಂದರೆ ನಾನು ಇದನ್ನು ಕಲಿಸುತ್ತೇನೆ. ಆದರೆ ದಿನಾ ಒಂದೇ ಬಗೆಯ ಕೆಲಸ ನಡೆಯುವ ಕಡೆ ಮಾತ್ರ. ದಿನಕ್ಕೊಂದು ಬಗೆಯ ಆರ್ಡರ್ ಮಾಡುವ ಹೊಲಿಗೆ ಅಂಗಡಿಗೆ ಇದು ಹೊಂದುವುದಿಲ್ಲ.

ಐದು ನೋಡುವುದೋ, ಐವತ್ತು ನೋಡುವುದೋ

ಹಾಳೆ ಪಿಕಪ್‌ನಲ್ಲಿ ಬರುತ್ತದೆ. ಅಣ್ಣ ಮೇಲಿನ ಕಟ್ಟಿನಿಂದ ಐದು ಹಾಳೆ ಎಳೆದು ನೋಡಿ, ಚೆಂದ ಇದೆ ಎಂದು ಇಳಿಸಿಕೊಳ್ಳುತ್ತಿದ್ದ. ಒಂದು ಲೋಡಿನಲ್ಲಿ ಹತ್ತಕ್ಕೊಂದು ಕೊಳೆತದ್ದೇ ಇದ್ದರೂ, ಐದು ನೋಡಿದರೆ ಐದೂ ಒಳ್ಳೆಯದೇ ಸಿಗುವ ಸಾಧ್ಯತೆ ನೂರಕ್ಕೆ 59. ಅಂದರೆ ನಾಣ್ಯ ಚಿಮ್ಮಿಸಿ ನಿರ್ಧರಿಸಿದ್ದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಮಾರುವವನು ಮೇಲಿನ ಕಟ್ಟಿಗೆ ಬಿಳಿ ಹಾಳೆ ಆರಿಸಿ ಹಾಕಿದ್ದರೆ ಅದೂ ಇಲ್ಲ.

ಈಗಿನ ಕ್ರಮ ಹೀಗೆ: ಕಟ್ಟುಗಳಿಗೆ ಸೀಮೆಸುಣ್ಣದಲ್ಲಿ ನಂಬರ್. ಚೀಟಿ ಎತ್ತಿ ಹತ್ತು ಕಟ್ಟು ಆರಿಸುವುದು. ಒಂದೊಂದರ ನಡುವಿನಿಂದ ಐದೈದು ಹಾಳೆ, ಒಟ್ಟು ಐವತ್ತು. ಎರಡರ ವರೆಗೆ ಕೆಟ್ಟದ್ದು ಇದ್ದರೆ ಲೋಡ್ ಇಳಿಸುವುದು, ಮೂರು ಆದರೆ ದರ ಇಳಿಸುವ ಮಾತು ಅಥವಾ ವಾಪಸ್. ಹೀಗೆ ಮಾಡಿದರೆ ಹತ್ತಕ್ಕೊಂದು ಕೆಟ್ಟ ಲೋಡ್ ಒಳಗೆ ಬರುವ ಸಾಧ್ಯತೆ ನೂರಕ್ಕೆ 11ಕ್ಕೆ ಇಳಿಯುತ್ತದೆ. ಐವತ್ತಕ್ಕೊಂದು ಮಾತ್ರ ಕೆಟ್ಟಿರುವ ಒಳ್ಳೆಯ ಲೋಡ್ ಪಾಸಾಗುವ ಸಾಧ್ಯತೆ ನೂರಕ್ಕೆ 92. ಬಾಕಿ ಎಂಟು ಸಲ ಪಾಪದ ಒಳ್ಳೆಯ ಮನುಷ್ಯನನ್ನು ಸುಮ್ಮನೆ ವಾಪಸ್ ಕಳಿಸುತ್ತೇವೆ, ಅದು ಇದ್ದದ್ದೇ. ಅದು ಬೇಡ ಎನ್ನುವವರು ಐವತ್ತರ ಬದಲು ನೂರು ನೋಡಬೇಕು, ಎರಡು ಎಂಬ ಮಿತಿಯನ್ನೂ ಅದಕ್ಕೆ ತಕ್ಕಂತೆ ಏರಿಸಬೇಕು. ಕಾಲು ಗಂಟೆಯ ಕೆಲಸ ಅರ್ಧ ಗಂಟೆ ಆಗುತ್ತದೆ.

ಚೀಟಿ ಎತ್ತಿದ ಮೊದಲ ದಿನ ಪಿಕಪ್‌ನ ಡ್ರೈವರ್ ನಕ್ಕ. "ಎಂತ, ಕುರಿ ಎತ್ತುವುದಾ?" ಎಂದು ಕೇಳಿದ. ಚಿಟ್ ಫಂಡಿಗೆ ನಮ್ಮ ಕಡೆ ಕುರಿ ಎನ್ನುತ್ತಾರೆ. ಮೂರನೇ ಲೋಡಿಗೆ ನಗು ನಿಂತಿತು. ಈಗ ಅವನ ಹಾಳೆ ಮೊದಲಿಗಿಂತ ಚೆನ್ನಾಗಿ ಬರುತ್ತಿದೆ. ಸ್ಯಾಂಪಲ್ ನೋಡುತ್ತಾರೆ ಎಂದು ಗೊತ್ತಾದದ್ದೇ ಅರ್ಧ ಕೆಲಸ ಮಾಡಿತು ಎಂದು ನನ್ನ ಅನಿಸಿಕೆ.

ಒಂದೊಂದಾಗಿ ಬದಲಿಸುವುದೋ, ಜೊತೆಗೆ ಬದಲಿಸುವುದೋ

ಹೊಸ ಅಚ್ಚು ಬಂದಾಗ ಬಿಸಿ ಎಷ್ಟಿಡುವುದು, ಎಷ್ಟು ಹೊತ್ತು ಒತ್ತುವುದು ಎಂಬ ಪ್ರಶ್ನೆ ಬಂತು. ಕಡಿಮೆ ಬಿಸಿ, ಕಡಿಮೆ ಹೊತ್ತಿನಲ್ಲಿ ನೂರಕ್ಕೆ 8 ಕೆಟ್ಟದ್ದು. ಹೊತ್ತು ಮಾತ್ರ ಜಾಸ್ತಿ ಮಾಡಿದರೆ 6. ಬಿಸಿ ಮಾತ್ರ ಜಾಸ್ತಿ ಮಾಡಿದರೆ 5. ಎರಡೂ ಒಳ್ಳೆಯದೇ ಅಲ್ವಾ, ಹಾಗಾದರೆ ಎರಡನ್ನೂ ಜಾಸ್ತಿ ಮಾಡುವ ಎಂದು ಯಾರಿಗೂ ಅನಿಸುತ್ತದೆ. ಮಾಡಿದಾಗ 14. ಅಂಚೆಲ್ಲ ಸುಟ್ಟು ಕಂದು.

ಒಂದರ ಪರಿಣಾಮ ಇನ್ನೊಂದರ ಮೇಲೆ ನಿಂತಿರುವಾಗ ಒಂದೊಂದಾಗಿ ಬದಲಿಸಿ ನೋಡಿದರೆ ಮೋಸ ಹೋಗುತ್ತೇವೆ. ನಾಲ್ಕು ಜೋಡಣೆಯನ್ನೂ ಮಾಡಿ ನೋಡಬೇಕು. ಅದನ್ನೂ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಗಟ್ಟಿ ಮಾಡದೆ, ಚೀಟಿ ಎತ್ತಿ ಅದಲು ಬದಲು ಮಾಡಬೇಕು. ಇಲ್ಲದಿದ್ದರೆ ಮಧ್ಯಾಹ್ನದ ವೋಲ್ಟೇಜ್ ಇಳಿದದ್ದೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೊಲದ ಪ್ರಯೋಗಕ್ಕೆಂದು ಇದನ್ನೆಲ್ಲ ಶುರು ಮಾಡಿದ್ದು. ಕೃಷಿಯಿಂದ ಕಾರ್ಖಾನೆಗೆ ಬಂದ ವಿದ್ಯೆ ಇದು. ಕೂಡ್ಲಿನ ಸಿಪಿಸಿಆರ್‌ಐ ಎಂಬ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ತೆಂಗು, ಅಡಿಕೆಗೆ ಯಾವುದಾದರೂ ಗೊಬ್ಬರ ಒಳ್ಳೆಯದು ಎನ್ನುವ ಮೊದಲು ವಿಜ್ಞಾನಿಗಳು ಮಾಡುವುದೂ ಇದೇ ಜಾತಿಯ ಪ್ರಯೋಗ. ಮರ ಉತ್ತರ ಕೊಡಲು ವರ್ಷಗಟ್ಟಲೆ ಬೇಕು. ತಟ್ಟೆ ಒಂದು ದಿನದಲ್ಲಿ ಹೇಳುತ್ತದೆ. ಆ ಅನುಕೂಲವನ್ನು ನಾವು ಬಳಸುವುದೇ ಇಲ್ಲ.

ಒಂದು ಎಚ್ಚರಿಕೆ. ಮೇಲಿನ ಅಂಕಿಗಳಲ್ಲಿ 5ಕ್ಕೂ 8ಕ್ಕೂ ಇರುವ ವ್ಯತ್ಯಾಸವನ್ನು ನಂಬಬೇಡಿ. ನೂರು ತಟ್ಟೆಯಲ್ಲಿ ಅಷ್ಟು ಏರುಪೇರು ಸುಮ್ಮನೆ ಬರುತ್ತದೆ. 5ಕ್ಕೂ 14ಕ್ಕೂ ಇರುವ ವ್ಯತ್ಯಾಸವನ್ನು ನಂಬಬಹುದು. ಎಷ್ಟು ವ್ಯತ್ಯಾಸ ಆದರೆ ನಂಬುವುದು ಎಂಬ ಪ್ರಶ್ನೆಯನ್ನು ಸಣ್ಣ ಸ್ಯಾಂಪಲ್‌ಗೆ ಬಿಡಿಸಿದವನು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ ವಿಲಿಯಂ ಗಾಸೆಟ್. 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬರೆದ. ಇವತ್ತು ಕಾಲೇಜಿನಲ್ಲಿ ಕಲಿಸುವ ಟಿ-ಟೆಸ್ಟ್ ಅದೇ. ಕಾರ್ಖಾನೆಯಲ್ಲಿ ಕೈಗೆ ಸಿಗುವುದು ನಾಲ್ಕೈದು ಸ್ಯಾಂಪಲ್ ಮಾತ್ರ ಎಂಬ ಕಷ್ಟ ಅವನಿಗೂ ಇತ್ತು.

ಮುಂದಿನ ತಿಂಗಳ ಮಾರಾಟ: ಸರಳ ಲೆಕ್ಕವೋ, ಎಐಯೋ

ಇಲ್ಲಿ ನನ್ನ ಮರ್ಯಾದೆ ಹೋದ ಕಥೆ ಇದೆ. ತಿಂಗಳ ಮಾರಾಟ ಹೇಳಲು ನಾನೊಂದು ಭಾರೀ ಮಾಡೆಲ್ ಕಟ್ಟಿದೆ. ಮಳೆ, ಮದುವೆಯ ಮುಹೂರ್ತ, ಪತ್ತನಾಜೆ (ಮೇ ಕೊನೆಗೆ ಜಾತ್ರೆ, ಕೋಲಗಳು ನಿಲ್ಲುವ ದಿನ), ಅಡಿಕೆ ದರ, ಎಲ್ಲ ತುರುಕಿದೆ. ಆಮೇಲೆ ಕೊನೆಯ ಹನ್ನೆರಡು ತಿಂಗಳನ್ನು ಅದಕ್ಕೆ ತೋರಿಸದೆ ಬಚ್ಚಿಟ್ಟು, ಅವನ್ನು ಹೇಳು ಎಂದೆ. "ಹೋದ ವರ್ಷ ಇದೇ ತಿಂಗಳು ಎಷ್ಟು ಹೋಗಿತ್ತೋ ಅಷ್ಟೇ" ಎನ್ನುವ ಒಂದು ಗೆರೆಯ ಲೆಕ್ಕ ನನ್ನ ಮಾಡೆಲನ್ನು ಹನ್ನೆರಡರಲ್ಲಿ ಎಂಟು ತಿಂಗಳು ಸೋಲಿಸಿತು. ಅಣ್ಣ ಏನೂ ಹೇಳಲಿಲ್ಲ. ಅತ್ತಿಗೆ ಮಾತ್ರ, "ಅದನ್ನು ನಾನೇ ಹೇಳ್ತಿದ್ದೆನಲ್ಲ" ಎಂದರು.

ನನಗೆ ಸಮಾಧಾನ ಎಂದರೆ ದೊಡ್ಡವರಿಗೂ ಹೀಗೆಯೇ ಆಗಿದೆ. ಮುನ್ಸೂಚನೆಯ ಸಂಶೋಧಕ ಸ್ಪೈರೋಸ್ ಮಕ್ರಿಡಾಕಿಸ್ 1982ರಲ್ಲಿ 1001 ಸರಣಿಗಳ (ಕಾಲಕ್ರಮದಲ್ಲಿ ಜೋಡಿಸಿದ ಅಂಕಿಗಳ ಸಾಲು) ಮೇಲೆ ಮುನ್ಸೂಚನೆಯ ಸ್ಪರ್ಧೆ ನಡೆಸಿದಾಗ, ಕಷ್ಟದ ವಿಧಾನಗಳು ಸರಳ ವಿಧಾನಗಳಿಗಿಂತ ಮುಂದೆ ಹೋಗಲೇಬೇಕೆಂದಿಲ್ಲ ಎಂದು ಕಂಡುಬಂತು. 2020ರಲ್ಲಿ ಅದೇ ಸಾಲಿನ ಐದನೇ ಸ್ಪರ್ಧೆಯಲ್ಲಿ ಮಷಿನ್ ಲರ್ನಿಂಗ್ ಗೆದ್ದಿತು. ಆದರೆ ಅದಕ್ಕೆ ಸಿಕ್ಕಿದ್ದು ವಾಲ್‌ಮಾರ್ಟ್‌ನ 42,840 ಸರಣಿಗಳ ದಿನದಿನದ ಮಾರಾಟ. ನಮ್ಮಲ್ಲಿ ಇರುವುದು ಒಂದು ಸರಣಿ, ಕೆಲವು ವರ್ಷದ ತಿಂಗಳುಗಳು. ಎಐ ಆ್ಯಪ್ ಕೊಳ್ಳುವ ಮೊದಲು ನಿಮ್ಮ ಸಾಲುಗಳು ಎಷ್ಟಿವೆ ಎಂದು ಎಣಿಸಿ. ಆಮೇಲೆ ನಾನು ಮಾಡಿದ ಹಾಗೆ ಕೊನೆಯ ವರ್ಷ ಬಚ್ಚಿಟ್ಟು ಪರೀಕ್ಷೆ ಮಾಡಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು.

ಒಂದು ಗೆರೆಯ ಲೆಕ್ಕಕ್ಕೂ ಕೈ ತಿದ್ದುಪಡಿ ಬೇಕು. ಆಟಿ ಸೌರಮಾನದ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನ ವರೆಗೆ ಗಟ್ಟಿ ಕೂತಿದೆ. ಆಗ ಮದುವೆ ಇಲ್ಲ, ತಟ್ಟೆ ಹೋಗುವುದಿಲ್ಲ. ಹೋದ ವರ್ಷದ್ದನ್ನು ಹಾಗೆಯೇ ನಕಲು ಮಾಡಬಹುದು. ಆದರೆ ರಂಜಾನ್ ವರ್ಷಕ್ಕೆ ಹನ್ನೊಂದು ದಿನದ ಹತ್ತಿರ ಹಿಂದೆ ಸರಿಯುತ್ತದೆ. ನಮ್ಮ ಗಿರಾಕಿಗಳಲ್ಲಿ ಅರ್ಧದಷ್ಟು ಉಪ್ಪಳ, ಕುಂಬಳೆಯ ಕಡೆಯ ಮದುವೆ ಮನೆಗಳು. ಅಲ್ಲಿ ಕ್ಯಾಲೆಂಡರ್ ನೋಡದೆ ನಕಲು ಮಾಡಿದರೆ ತಪ್ಪುತ್ತದೆ.

ಇನ್ನು ಮಧೂರಿನ ಗಣಪತಿ ದೇವಸ್ಥಾನ. ಅಲ್ಲಿ ಅಪರೂಪಕ್ಕೆ ನಡೆಯುವ ದೊಡ್ಡ ಉತ್ಸವ ಮೂಡಪ್ಪ ಸೇವೆ 1992ರಲ್ಲಿ ಆದದ್ದು ಬಿಟ್ಟರೆ ಮತ್ತೆ ಆದದ್ದು 2025ರ ವಸಂತದಲ್ಲಿ. ಆ ದಿನಗಳಲ್ಲಿ ನಮ್ಮ ಕಡೆ ಮನೆ ಮನೆಯಲ್ಲಿ ನೆಂಟರು, ಅಣ್ಣನ ತಟ್ಟೆ ಹೋದದ್ದೇ ಗೊತ್ತಾಗಲಿಲ್ಲ. ಆ ಅಂಕಿಯನ್ನು ಹಾಗೆಯೇ ಬಿಟ್ಟಿದ್ದರೆ ನಮ್ಮ ಲೆಕ್ಕ ಮುಂದಿನ ವರ್ಷದ ಏಪ್ರಿಲ್‌ನಲ್ಲೂ ಮೂಡಪ್ಪ ಮಾಡಿಸುತ್ತಿತ್ತು. ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಬದಲಿಗೆ 2024ರ ಅಂಕಿ ತೆಗೆದುಕೊಂಡೆವು. ಊರಿನ ಯಾವ ದೇವಸ್ಥಾನದಲ್ಲಿ ಮುಂದೆ ಬ್ರಹ್ಮಕಲಶ ಇದೆ ಎಂಬುದು ಬೆಂಗಳೂರಿನ ಯಾವ ಕಂಪ್ಯೂಟರ್ ಸರ್ವರ್‌ಗೂ ಗೊತ್ತಿಲ್ಲ. ಅಣ್ಣನಿಗೆ ಗೊತ್ತು, ಆಮಂತ್ರಣ ಪತ್ರಿಕೆ ಬರುತ್ತದಲ್ಲ.

ಯಾವ ಲೆಕ್ಕಕ್ಕೂ ಸಿಗದ ಸಂಗತಿಯೂ ಇದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆಯಿಂದ ಅಡಿಕೆಯಲ್ಲಿರುವ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯಬಹುದು ಎಂದು ಹೇಳಿ ಅಲ್ಲಿನ ಮಾರಾಟಕ್ಕೆ ತಡೆ ಹಾಕಿತು. ರಫ್ತು ನಂಬಿಕೊಂಡವರಿಗೆ ಹೊಡೆತ ಬಿತ್ತು. ಅಣ್ಣ ಊರೊಳಗೇ ಮಾರುವವನು, ಬಚಾವಾದ. ಅದಕ್ಕೆ ಕಾರಣ ನನ್ನ ಮಾಡೆಲ್ ಅಲ್ಲ, ಅವನಿಗೆ ಇಂಗ್ಲಿಷ್ ಇಮೇಲ್ ಬರೆಯಲು ಇದ್ದ ಉದಾಸೀನ.

ಲಿನಿಯರ್ ಪ್ರೋಗ್ರಾಮಿಂಗ್

1947ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್‌ಜಿಗ್ ಸಿಂಪ್ಲೆಕ್ಸ್ ಎಂಬ ವಿಧಾನ ಕಂಡುಹಿಡಿದ ಮೇಲೆ ಕಾರ್ಖಾನೆಗಳಿಗೆಲ್ಲ ಈ ಲೆಕ್ಕ ಹೋಯಿತು. ಹಲವು ಕಚ್ಚಾ ಮಾಲು, ಹಲವು ಉತ್ಪನ್ನ, ಹಲವು ಮಿತಿ ಇದ್ದಾಗ ಯಾವುದನ್ನು ಎಷ್ಟು ಮಾಡಿದರೆ ಲಾಭ ಜಾಸ್ತಿ ಎಂದು ಹೇಳುತ್ತದೆ. ಜೋಳ, ತೌಡು, ಹಿಂಡಿ ಬೆರೆಸುವ ಪಶು ಆಹಾರದವರಿಗೆ ಇದು ಬಿಟ್ಟರೆ ಬೇರೆ ದಾರಿ ಇಲ್ಲ. ಮೂರು ಮೆಷಿನ್, ಎರಡು ಅಳತೆಯ ತಟ್ಟೆ ಇರುವ ನಮಗೆ ಬೇಡ. ಎಕ್ಸೆಲ್‌ನ ಸಾಲ್ವರ್‌ನಲ್ಲಿ ಒಮ್ಮೆ ಹಾಕಿ ನೋಡಿದೆ. ದೊಡ್ಡ ತಟ್ಟೆಯನ್ನೇ ಮಾಡು ಎಂದಿತು. ಅಣ್ಣ ಆಗಲೇ ಮಾಡುತ್ತಿದ್ದದ್ದು ಅದನ್ನೇ.

ಯಾರಿಂದ ಮಾಡಿಸುವುದು

ಚಾರ್ಟ್, ಸ್ಯಾಂಪಲ್, ಪೇಪರ್ ಮಾರುವವನ ಲೆಕ್ಕ, ಇಷ್ಟನ್ನು ನೀವೇ ಮಾಡಿ. ಹತ್ತನೇ ಕ್ಲಾಸಿನ ಗಣಿತ ಸಾಕು. ಮನೆಯಲ್ಲಿ ಪ್ಲಸ್ ಟು ಓದುವ ಮಕ್ಕಳಿದ್ದರೆ ಅವರ ಕೈಗೆ ಕೊಡಿ.

ಪ್ರಯೋಗ ಮಾಡುವಾಗ, ಅಥವಾ ಒಂದೇ ತೊಂದರೆ ಮತ್ತೆ ಮತ್ತೆ ಬಂದು ಕಾರಣ ಸಿಗದಾಗ, ಹೊರಗಿನವರು ಬೇಕಾಗುತ್ತಾರೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಗಣಿತ ವಿಭಾಗ ಇದೆ, ತಲಪಾಡಿ ದಾಟಿದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ವಿಭಾಗ ಇದೆ. ಎಂಎಸ್ಸಿ ಹುಡುಗರಿಗೆ ಪ್ರಾಜೆಕ್ಟ್‌ಗೆ ನಿಜವಾದ ಅಂಕಿ ಬೇಕಿರುತ್ತದೆ, ನಿಮಗೆ ಕೈ ಬೇಕಿರುತ್ತದೆ. ಖರ್ಚು ಕಡಿಮೆ. ಆದರೆ ಅವರಿಗೆ ಸೆಮಿಸ್ಟರ್ ಮುಗಿಯುವುದು ಮುಖ್ಯ, ನಿಮಗೆ ಶನಿವಾರದ ಆರ್ಡರ್ ಮುಖ್ಯ. ತುರ್ತಿದ್ದರೆ ಅಲ್ಲಿಗೆ ಹೋಗಬೇಡಿ.

ದೊಡ್ಡ ಗೇರುಬೀಜ ಕಾರ್ಖಾನೆಯಂಥ ಕಡೆಗೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಒಳ್ಳೆಯದು. ಪಿ.ಸಿ. ಮಹಲನೋಬಿಸ್ 1931ರಲ್ಲಿ ಕೋಲ್ಕತ್ತದಲ್ಲಿ ಶುರು ಮಾಡಿದ್ದು. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ದಶಕಗಳ ಕಾಲ ಕೆಲಸ ಮಾಡಿದ್ದು ಅಲ್ಲೇ. ಮೇಲೆ ಹೇಳಿದ ಚಾರ್ಟಿನ ಶೂಹಾರ್ಟ್ 1947ರ ಕೊನೆಗೆ ಆ ಸಂಸ್ಥೆಯ ಕರೆಯ ಮೇಲೆ ಭಾರತಕ್ಕೆ ಬಂದು ಕಾರ್ಖಾನೆಗಳನ್ನು ಸುತ್ತಿದ್ದ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಅವರ ಕೇಂದ್ರದಲ್ಲಿ ಗುಣಮಟ್ಟ ನಿಯಂತ್ರಣಕ್ಕೆಂದೇ ಒಂದು ಘಟಕ ಇದೆ.

ಖಾಸಗಿ ಕನ್ಸಲ್ಟೆಂಟ್ ಬಂದರೆ ಮೊದಲ ದಿನ ಅವರು ಏನು ನೋಡಲು ಕೇಳುತ್ತಾರೆ ಎಂದು ಗಮನಿಸಿ. ಲ್ಯಾಪ್‌ಟಾಪ್ ತೆರೆಯುವವರಿಗಿಂತ ನೆನೆ ಹಾಕುವ ತೊಟ್ಟಿ ತೋರಿಸಿ ಎನ್ನುವವರು ಮೇಲು.

ಯಾರ ಹತ್ತಿರ ಹೋದರೂ ನಿಮ್ಮ ಪುಸ್ತಕ ತೆಗೆದುಕೊಂಡು ಹೋಗಿ, ಜೊತೆಗೆ ಪುಸ್ತಕ ಬರೆಯುವವರನ್ನೂ ಕರೆದುಕೊಂಡು ಹೋಗಿ. ನಾವು ಒಬ್ಬ ವಿದ್ಯಾರ್ಥಿಗೆ ಪುಸ್ತಕ ಮಾತ್ರ ಕೊಟ್ಟು ಕಳಿಸಿದ್ದೆವು. ಮಲಯಾಳಂ ಮನೆಮಾತಿನ ಹುಡುಗ, ಕನ್ನಡ ಅಕ್ಷರ ಕಲಿತಿದ್ದ. ಪುಸ್ತಕದಲ್ಲಿ ಪ್ರತಿ ದಿನ "ಹಾ 420, ಹಾ 31" ಎಂದು ಇರುತ್ತಿತ್ತು. ಮೊದಲ ಹಾ ಎಂದರೆ ಹಾಳೆ, ಎರಡನೇ ಹಾ ಎಂದರೆ ಹಾಳು. ಅತ್ತಿಗೆಗೆ ಅದು ದಿನಾ ಸ್ಪಷ್ಟವಾಗಿಯೇ ಇತ್ತು. ಹುಡುಗ ಎರಡನ್ನೂ ಕೂಡಿಸಿ 451 ಹಾಳೆ ಎಂದು ಬರೆದುಕೊಂಡ. ಮೂರು ವಾರ ದುಡಿದು ಕೊಟ್ಟ ವರದಿಯಲ್ಲಿ ನಮ್ಮ ಶೆಡ್ಡಿನಲ್ಲಿ ಒಂದೇ ಒಂದು ತಟ್ಟೆ ಹಾಳಾಗಿರಲಿಲ್ಲ. ಈಗ ಅತ್ತಿಗೆ ಎರಡನೆಯದಕ್ಕೆ "ಕೆ" ಎಂದು ಬರೆಯುತ್ತಾರೆ. ಕೆಟ್ಟದ್ದು. ಹಳೆಯ ಮೂರು ಪುಸ್ತಕಗಳನ್ನು ಅವರೇ ಪಕ್ಕದಲ್ಲಿ ಕೂತು ಓದಿ ಹೇಳಿ, ನಾನು ಹೊಸದಾಗಿ ಟೈಪ್ ಮಾಡಿದೆ. ಎರಡು ಭಾನುವಾರ ಹಿಡಿಯಿತು.